ಓಗೊಡದ ವಿಳಾಸಗಳು

ನಮ್ಮ ಸಂಘದ ಕಂಪ್ಯೂಟರಿಗೆ ಬರುತ್ತಿದ್ದ ಕಳ್ಳ ಕಾಗದಗಳಿಗೆಲ್ಲ ನಾನು ಬಹಳ ದಿನ ಕೂತು ಉತ್ತರ ಬರೆಯುತ್ತಿದ್ದೆ. ಕೇಳಿದವರು ನಗುತ್ತಾರೆ, ನಗಲಿ. ಕಾಗದ ಬಂದರೆ ಉತ್ತರ ಬರೆಯಬೇಕು, ಅದು ಮ್ಯಾನರ್ಸ್ ಅಂತ ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಎಪ್ಪತ್ತು ದಾಟಿದ ಮೇಲೂ ಅದು ಬೆರಳಿನ ತುದಿಯಲ್ಲೇ ಕೂತಿದೆ. ‘ಅಭಿನಂದನೆಗಳು, ನೀವು ಲಾಟರಿ ಗೆದ್ದಿದ್ದೀರಿ’ ಎಂದು ಯಾರೋ ಬರೆದರೆ ನಾನು, ‘ಡಿಯರ್ ಸರ್, ನಿಮ್ಮ ಪತ್ರಕ್ಕೆ ಥ್ಯಾಂಕ್ಸ್. ನಾವು ಟಿಕೆಟ್ಟೇ ಕೊಂಡಿರಲಿಲ್ಲ, ಎಲ್ಲೋ ತಪ್ಪಾಗಿರಬೇಕು. ನಿಜವಾಗಿ ಗೆದ್ದವರಿಗೆ ದಯವಿಟ್ಟು ತಿಳಿಸಿ’ ಎಂದು ಬರೆಯುತ್ತಿದ್ದೆ. ಮಂಡಿನೋವಿನ ಮಾತ್ರೆಯವರಿಗೆ, ‘ಮಂಡಿನೋವು ಇರುವುದು ನಿಜ, ಆದರೆ ಸದ್ಯಕ್ಕೆ ಎಣ್ಣೆ ಹಚ್ಚುತ್ತಿದ್ದೇನೆ’ ಎಂದು.

ಆ ಉತ್ತರಗಳೆಲ್ಲ ಒಂದೊಂದಾಗಿ ನನ್ನ ಹತ್ತಿರವೇ ವಾಪಸು ಬರತೊಡಗಿದವು. ಇಂಥ ವಿಳಾಸವೇ ಇಲ್ಲ, ಈ ಹೆಸರಿನವರು ಯಾರೂ ಇಲ್ಲ ಎಂಬ ಒಕ್ಕಣೆ ಹೊತ್ತುಕೊಂಡು. ಹೀಗಾಗಿ ನಮ್ಮ ಈಮೇಲ್ ಡಬ್ಬಿಯಲ್ಲಿ ಅವರ ಕಾಗದವೂ ಇತ್ತು, ನನ್ನ ಮರ್ಯಾದೆಯ ಉತ್ತರವೂ ಇತ್ತು, ಅದು ತಲುಪಲಿಲ್ಲವೆಂಬ ಸುದ್ದಿಯೂ ಇತ್ತು.

ಸಂಘ ಅಂದರೆ ದೊಡ್ಡದೇನಲ್ಲ. ಕೇರಳದ ಗಡಿಯ ಕಾಟ್ಟಿಕುಳಂ ಜಂಕ್ಷನ್ನಿನಲ್ಲಿ ಗೊಬ್ಬರದ ಅಂಗಡಿಯ ಮೇಲೆ ಒಂದು ರೂಮು. ಸುತ್ತಮುತ್ತಲಿನ ಹೆಂಗಸರು ಗಂಧಕಸಾಲೆ ಅಕ್ಕಿ, ಕಾಳುಮೆಣಸು, ಅರಿಶಿನದ ಪುಡಿ ತಂದು ಕೊಡುತ್ತಾರೆ. ಹಾಡಿಯವರು ಜೇನು ತರುತ್ತಾರೆ. ಪೊಟ್ಟಣ ಕಟ್ಟಿ ಊರೂರಿಗೆ ಕಳಿಸುತ್ತೇವೆ. ನನಗೆ ಇಂಗ್ಲಿಷು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಈಮೇಲಿನ ಕುರ್ಚಿ ನನ್ನದು. ತೃಶ್ಶಿಲೇರಿಯಿಂದ ಬೆಳಗಿನ ಬಸ್ಸಿಗೆ ಬಂದು ಕೂರುತ್ತೇನೆ. ಮನೆಯವರು ತೀರಿಕೊಂಡ ಮೇಲೆ ಸೊಸೆಯ ಅಡುಗೆಮನೆಯಲ್ಲಿ ಅಡ್ಡಾಡಿಕೊಂಡಿರುವುದಕ್ಕಿಂತ ಇದು ವಾಸಿ ಅಂತ ನಾನೂ ಅಂದುಕೊಂಡೆ, ಸೊಸೆಯೂ ಅಂದುಕೊಂಡಳು. ಆ ಒಂದು ವಿಷಯದಲ್ಲಿ ನಮ್ಮಿಬ್ಬರದು ಪರ್ಫೆಕ್ಟ್ ಅಂಡರ್‌ಸ್ಟ್ಯಾಂಡಿಂಗ್.

ಒಂದು ಸಲ ಕೊಚ್ಚಿಯಿಂದ ಒಬ್ಬರು ಮದುವೆಮನೆಗೆ ಅಕ್ಕಿ ಬೇಕೆಂದು ಬರೆದಿದ್ದರು. ಆ ಕಾಗದ ಲಾಟರಿ, ಮಾತ್ರೆ, ಗಂಡನನ್ನು ಕಳೆದುಕೊಂಡ ಪರದೇಶದ ರಾಣಿಯರ ರಾಶಿಯಡಿ ಹೂತುಹೋಗಿ ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ಅಲ್ಲಿ ಮದುವೆ ಮುಗಿದು ಹೆಣ್ಣು ಬಸುರಿಯೂ ಆಗಿದ್ದಿರಬಹುದು. ಸಂಘದ ಅಧ್ಯಕ್ಷೆ ಅವತ್ತು ಸಿಟ್ಟಾದಳು. ಮೆಣಸಿನ ತೋಟದ ಮನೆಯವಳು ಅವಳು, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು. ನನ್ನ ಹಾಗೆಯೇ ಅವಳ ಕಡೆಯವರೂ ಯಾವ ಕಾಲದಲ್ಲೋ ಕರ್ನಾಟಕದ ಕಡೆಯಿಂದ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಸಿಟ್ಟು ಬಂದಾಗ ಎರಡೂ.

‘ಅಕ್ಕಾ, ನೀವು ಕಳ್ಳನಿಗೂ ಕಾಪಿ ಕೊಟ್ಟು, ದಾರಿ ಹುಷಾರು ಅಂತ ಕಳಿಸೋರು,’ ಅಂದಳು. ‘ಇದಕ್ಕೊಂದು ಬಾಗಿಲು ಮಾಡಿಸಿ.’

ಬಾಗಿಲು ಮಾಡಿಸಲು ನಾವಿಬ್ಬರೂ ಮಾನಂತವಾಡಿಗೆ ಹೋದೆವು. ನಮ್ಮ ಈಮೇಲನ್ನು ನಡೆಸುವವರು ಅಲ್ಲಿನ ಕಂಪ್ಯೂಟರ್ ಸೆಂಟರಿನ ಯಜಮಾನರು. ತಲೆ ನರೆತ ಮನುಷ್ಯ, ಹಿಂದೆ ಲೆಕ್ಕದ ಪಾಠ ಹೇಳುತ್ತಿದ್ದವರು, ಎಲ್ಲರಿಗೂ ಮಾಷ್, ಅಂದರೆ ಮೇಷ್ಟ್ರು. ನಾನು ಜೀವಮಾನದಲ್ಲಿ ಒಂದು ದಿನವೂ ಪಾಠ ಹೇಳಿದವಳಲ್ಲ, ಆದರೂ ಅವರು ನನ್ನನ್ನು ಟೀಚರೇ ಎಂದೇ ಕರೆಯುತ್ತಾರೆ. ಕೇರಳದಲ್ಲಿ ಇಂಗ್ಲಿಷ್ ಮಾತಾಡುವ ಮುದುಕಿ ಒಂದೋ ಕಾನ್ವೆಂಟಿನ ಸಿಸ್ಟರ್ ಆಗಿರಬೇಕು ಇಲ್ಲ ಟೀಚರ್ ಆಗಿರಬೇಕು, ಮೂರನೆಯ ಜಾತಿ ಇಲ್ಲ.

ವಾಪಸು ಬಂದ ನನ್ನ ಉತ್ತರಗಳ ಕಥೆ ಕೇಳಿ ಮಾಷ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಅಧ್ಯಕ್ಷೆ ನಮ್ಮ ಕಡೆಯ ಪದ್ಧತಿಯೊಂದನ್ನು ಹೇಳಿದಳು. ಕಾಡಂಚಿನ ಮನೆಗಳವರು ನಾವು. ಸಂಜೆ ಮಂಜು ಇಳಿದ ಮೇಲೆ ಯಾರಾದರೂ ಬಂದರೆ ನೇರ ಅಂಗಳಕ್ಕೆ ಬರುವಂತಿಲ್ಲ. ಗದ್ದೆಯಾಚೆ ನಿಂತು ಒಂದು ಕೂಗು ಹಾಕಬೇಕು. ಒಳಗಿನಿಂದ ನಾವು ತಿರುಗಿ ಕೂಗುತ್ತೇವೆ, ಯಾರ ಮನೆಯವರು ಅಂತ. ಆಗ ಅವರು ಮನೆಯ ಹೆಸರು ಹೇಳಿ ಓಗೊಡಬೇಕು. ನಮ್ಮ ಕೂಗಿಗೆ ಉತ್ತರ ಬಂತೋ, ಬಾಗಿಲು ತೆಗೆದು ಟಾರ್ಚು ಹಿಡಿಯುತ್ತೇವೆ. ಬರಲಿಲ್ಲವೋ, ಅದು ದೆವ್ವವೆಂದು ಅಜ್ಜಿಯಂದಿರು ಹೇಳುತ್ತಿದ್ದರು, ಕುಡಿದವನೆಂದು ನನ್ನ ಮಾವ ಹೇಳುತ್ತಿದ್ದರು. ಎರಡಕ್ಕೂ ಬಾಗಿಲು ತೆಗೆಯುವುದಿಲ್ಲ. ಒಂದೇ ಕೂಗಿನವರನ್ನು ನಂಬಬಾರದು ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು.

‘ಇದು ಕಂಪ್ಯೂಟರಿಗೂ ಗೊತ್ತು,’ ಅಂದರು ಮಾಷ್. ಕಾಗದ ಬಂದಾಗ ಒಳಗೆ ಬಿಡುವ ಮೊದಲು ನಮ್ಮ ಕಡೆಯ ಯಂತ್ರ, ಕಳಿಸಿದವರ ಕಡೆಯ ಯಂತ್ರವನ್ನು ತಿರುಗಿ ಕೇಳುವಂತೆ ಮಾಡಬಹುದಂತೆ. ಈ ಹೆಸರಿನವರು ನಿಮ್ಮಲ್ಲಿ ಇದ್ದಾರೆಯೇ, ಅವರಿಗೆ ಕಾಗದ ಹಾಕಿದರೆ ಮುಟ್ಟುತ್ತದೆಯೇ ಅಂತ. ಹೌದೆಂದರೆ ಬಾಗಿಲು ತೆರೆಯುತ್ತದೆ, ಇಲ್ಲವೆಂದರೆ ಹೊಸ್ತಿಲಲ್ಲೇ ವಾಪಸು. ರಾಶಿ ರಾಶಿ ಕಳಿಸುವ ಕಳ್ಳರು ಹೆಚ್ಚಿನಂಶ ಇಲ್ಲದ ವಿಳಾಸ ಬರೆಯುತ್ತಾರಂತೆ. ಆದರೆ ಎಲ್ಲರೂ ಈ ಉಪಾಯ ಮಾಡುವುದಿಲ್ಲ, ಸ್ವಲ್ಪ ಯೋಚನೆ ಮಾಡಿ ಎಂದೂ ಅವರು ಹೇಳಿದರು. ಅಧ್ಯಕ್ಷೆಗೆ ಯೋಚನೆ ಏನೂ ಉಳಿದಿರಲಿಲ್ಲ. ಕೂಗಿಗೆ ಓಗೊಡುವುದು ನಮ್ಮ ಊರಿನ ಪದ್ಧತಿ, ಯಂತ್ರವೂ ನಮ್ಮ ಊರಿನ ಹಾಗೇ ನಡೆಯಲಿ ಅಂದಳು. ನಾನೂ ಹೂಂ ಅಂದೆ. ನಿಜ ಹೇಳಬೇಕೆಂದರೆ ನಮ್ಮ ಗದ್ದೆಬದುವಿನ ಪದ್ಧತಿ ಕಂಪ್ಯೂಟರಿನೊಳಗೂ ಹೊಕ್ಕಿತಲ್ಲ ಎಂದು ನಮ್ಮಿಬ್ಬರಿಗೂ ಸ್ವಲ್ಪ ಹೆಮ್ಮೆಯೇ ಆಗಿತ್ತು.

ಮರುದಿನ ನೋಡಿದರೆ ಡಬ್ಬಿ ಗುಡಿಸಿದ ಅಂಗಳದ ಹಾಗೆ. ನಾಲ್ಕೇ ನಾಲ್ಕು ಕಾಗದ, ನಾಲ್ಕೂ ಮನುಷ್ಯರದು. ನನಗೆ ಸಂತೋಷವೇ ಆಯಿತು, ಆದರೂ ಒಂದು ಥರ ಬಿಕೋ ಅನ್ನಿಸಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಅಧ್ಯಕ್ಷೆ ಕಾಪಿಯ ಮಾತು ಮತ್ತೆ ತೆಗೆಯುತ್ತಾಳೆ. ಹಾಸ್ಟೆಲಿನಲ್ಲಿದ್ದಾಗಿನ ನೆನಪು ಬಂತು. ಹುಡುಗಿಯರಿಗೆ ಬಂದ ಕಾಗದದ ಹಿಂಬದಿಯಲ್ಲಿ ಕಳಿಸಿದವರ ಹೆಸರು, ಊರು ಇರಲೇಬೇಕಿತ್ತು. ಇಲ್ಲದಿದ್ದರೆ ಟಪಾಲು ನೋಡಿಕೊಳ್ಳುತ್ತಿದ್ದ ಸಿಸ್ಟರು ಅದನ್ನು ಒಡೆಯದೆ ನೇರ ಅಡುಗೆಮನೆಯ ಒಲೆಗೆ ಹಾಕುತ್ತಿದ್ದರು. ಓದುವುದು ಪಾಪ, ಸುಡುವುದು ಡ್ಯೂಟಿ. ನನ್ನ ಹೆಸರಿನದೂ ಒಮ್ಮೆ ಒಂದು ಹೋಯಿತೆಂದು ಅಡುಗೆಯ ಹೆಂಗಸು ಪಿಸುಗುಟ್ಟಿದ್ದಳು. ನೀಲಿ ಕವರಂತೆ. ಯಾರು ಬರೆದಿದ್ದರೋ. ಇರಲಿ, ದಟ್ ಈಸ್ ಅನದರ್ ಸ್ಟೋರಿ. ಅದಕ್ಕೆ ಉತ್ತರ ಬರೆಯುವ ವಯಸ್ಸು ದಾಟಿದೆ.

ಈಗ ಒಬ್ಬ ಹೆಣ್ಣುಮಗಳ ವಿಷಯಕ್ಕೆ ಬರುತ್ತೇನೆ. ಬಾವಲಿ ರಸ್ತೆಯ ಪಕ್ಕದ ಹಾಡಿಯವಳು. ಕಾಡಿನ ಜನ. ಅವರ ಮಾತು ನಮ್ಮ ಕನ್ನಡಕ್ಕೆ ಅಕ್ಕನೋ ತಂಗಿಯೋ ಇದ್ದ ಹಾಗೆ, ಅರ್ಧ ತಿಳಿಯುತ್ತದೆ, ಅರ್ಧ ಊಹಿಸಬೇಕು. ಅವಳು ಹನ್ನೆರಡನೆಯ ತರಗತಿ ಮುಗಿಸಿ, ಚಿಕ್ಕಮಕ್ಕಳಿಗೆ ಕಲಿಸುವ ಕೋರ್ಸನ್ನೂ ಪಾಸು ಮಾಡಿ, ಕೆಲಸ ಸಿಗದೆ ಶುಂಠಿ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಜೇನು ತರುವ ಅಪ್ಪನ ಜೊತೆ ಸಂಘಕ್ಕೆ ಬರುತ್ತ ಪರಿಚಯ. ಆ ವರ್ಷ ಚುರದ, ಅಂದರೆ ನಮ್ಮ ಘಾಟಿಯ, ಕೆಳಗಿನ ಒಂದು ಸಂಸ್ಥೆಯವರು, ಹಾಡಿಯ ಮಕ್ಕಳಿಗೆ ಅವರ ಮನೆಮಾತಿನಲ್ಲೇ ಮೊದಲ ಪಾಠ ಹೇಳಿಕೊಡುವವರನ್ನು ಆರಿಸಿ ತರಬೇತಿ ಕೊಡುತ್ತೇವೆ, ಆಮೇಲೆ ಆಯಾ ಹಾಡಿಯ ಹತ್ತಿರದ ಶಾಲೆಯಲ್ಲೇ ಕೆಲಸ ಎಂದು ಅರ್ಜಿ ಕರೆದಿದ್ದರು. ಅವಳ ತಮ್ಮ ಒಂದನೇ ಕ್ಲಾಸಿನಲ್ಲಿ ಟೀಚರು ಮಲಯಾಳದಲ್ಲಿ ಏನು ಕೇಳಿದರೆಂದು ತಿಳಿಯದೆ ಒಂದು ವಾರ ಸುಮ್ಮನೆ ಕೂತು, ಆಮೇಲೆ ಶಾಲೆಯ ಕಡೆಗೆ ತಲೆ ಹಾಕಲಿಲ್ಲವಂತೆ. ಅರ್ಜಿ ತುಂಬುವಾಗ ಅದನ್ನು ಅವಳು ಹೇಳಿದ್ದು ದೂರಿನ ಹಾಗಲ್ಲ, ಮಳೆ ಬಂತು ಅನ್ನುವ ಹಾಗೆ. ಅವಳ ವಯಸ್ಸು ಆ ಕೆಲಸದ ಮಿತಿಗೆ ಬಂದು ನಿಂತಿತ್ತು. ಈ ಸಲ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹಾಗಿರಲಿಲ್ಲ.

ಹಾಡಿಯಲ್ಲಿ ರೇಂಜ್ ಇಲ್ಲ, ಅವಳ ಮೊಬೈಲು ಶುಂಠಿ ಗದ್ದೆಯ ನೀರಿಗೆ ಬಿದ್ದು ಸತ್ತಿತ್ತು. ಹಾಗಾಗಿ ಈಮೇಲ್ ವಿಳಾಸ ಕೇಳಿದ ಕಡೆ ನಾನೇ ಸಂಘದ ವಿಳಾಸ ಬರೆದೆ. ನಮ್ಮ ಡಬ್ಬಿ ಈಗ ಸ್ವಚ್ಛ, ಮೋಳೆ, ಮಗಳೇ, ನಿನ್ನ ಕಾಗದ ಬಂದ ಗಳಿಗೆಗೇ ಕಾಣುತ್ತದೆ ಎಂದು ಧೈರ್ಯ ಬೇರೆ ಹೇಳಿದೆ.

ಅಂದಿನಿಂದ ಸಂತೆ ದಿನ ತಪ್ಪದೆ ಬಂದಳು. ಬಂದವಳು ಏನೂ ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದಳು. ನಾನು ತಲೆ ಆಡಿಸಿದರೆ, ಸಾರಮಿಲ್ಲ ಟೀಚರೇ, ಪರವಾಗಿಲ್ಲ ಎಂದು ಕೂತು ಒಂದಿಷ್ಟು ಮೆಣಸು ಕೇರಿಕೊಟ್ಟು ಹೋಗುತ್ತಿದ್ದಳು. ಹೋಗ್ತಾ ಹೋಗ್ತಾ ಆ ಸಾರಮಿಲ್ಲ ಸಣ್ಣದಾಗುತ್ತ ಬಂತು.

ಒಂದು ಮಂಗಳವಾರ ಮಧ್ಯಾಹ್ನ ಅವಳು ಮೆಟ್ಟಿಲು ಹತ್ತಿ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಕೆಳಗೆ ಬಸ್‌ಸ್ಟಾಪಿನಲ್ಲಿ ಮರಕ್ಕಡವಿನ ಕಡೆಯ ಇನ್ನೊಬ್ಬಳು ಸಿಕ್ಕಿದ್ದಳಂತೆ, ಅದೇ ಕೋರ್ಸು ಮಾಡಿದವಳು, ಅದೇ ಅರ್ಜಿ ಹಾಕಿದವಳು. ಗುರುವಾರ ಇಂಟರ್‌ವ್ಯೂ, ನೀನು ಯಾವ ಬಸ್ಸಿಗೆ ಹೊರಡ್ತೀಯಾ ಅಂತ ಆ ಹುಡುಗಿ ಕೇಳಿದಳಂತೆ. ಎಲ್ಲರಿಗೂ ಈಮೇಲ್ ಬಂದಿದೆ, ಅದರ ಪ್ರಿಂಟ್ ತೋರಿಸದೆ ಗೇಟಿನ ಒಳಗೆ ಬಿಡುವುದಿಲ್ಲ ಅಂತಲೂ ಅದರಲ್ಲೇ ಬರೆದಿದೆಯಂತೆ.

‘ನನಗೆ ಮಾತ್ರ ಕಳಿಸಲಿಲ್ಲ ಟೀಚರೇ,’ ಅಂದಳು. ‘ಬೇಡ ಅಂತ ಆಗಿರಬೇಕು.’

ನಾನು ಡಬ್ಬಿಯನ್ನು ತಲೆಕೆಳಗು ಮಾಡಿ ಹುಡುಕಿದೆ. ಇರಲಿಲ್ಲ. ಇಲ್ಲದ್ದು ಎಲ್ಲಿಂದ ಬರಬೇಕು. ಆಗ ಆ ಖಾಲಿ ಅಂಗಳವನ್ನು ನೋಡುತ್ತಿದ್ದ ಹಾಗೇ ನಾವು ಮಾಡಿಸಿದ ಬಾಗಿಲು ನೆನಪಾಯಿತು. ಚಪ್ಪಲಿ ಮೆಟ್ಟಿಕೊಂಡು, ನಡೀ ಮೋಳೆ, ಮಾನಂತವಾಡಿಗೆ ಅಂದೆ. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಳು. ನನ್ನ ಅನುಮಾನವನ್ನು ನಾನು ಅವಳಿಗೆ ಹೇಳಲಿಲ್ಲ. ಹೀಗೂ ಆಗಿರಬಹುದು ಎಂದು ಅರ್ಧಕ್ಕೆ ಹೇಳಿ ಆಸೆ ಹುಟ್ಟಿಸಿದರೆ, ಹಾಗಾಗದೇ ಇದ್ದಾಗ ಏನು ಮಾಡುವುದು.

ಮಾಷ್ ಎರಡು ನಿಮಿಷ ನೋಡಿದರು. ಹೌದು, ಕಾಗದ ಬಂದಿತ್ತು. ನಮ್ಮ ಯಂತ್ರ ಪದ್ಧತಿ ತಪ್ಪದೆ ತಿರುಗಿ ಕೂಗಿತ್ತು. ಆಚೆ ಕಡೆಯ ಯಂತ್ರ, ಇಲ್ಲಿ ಅಂಥವರು ಯಾರೂ ಇಲ್ಲ ಅಂದಿತ್ತು. ನಮ್ಮದು ಬಾಗಿಲು ಹಾಕಿಕೊಂಡಿತ್ತು. ಸಂಸ್ಥೆಯವರು ಇದ್ದಬದ್ದ ಅರ್ಜಿದಾರರಿಗೆಲ್ಲ ಒಟ್ಟಿಗೆ ಕಳಿಸುವಾಗ, ಯಾರೂ ಉತ್ತರ ಬರೆದು ತಲೆ ತಿನ್ನದಿರಲಿ ಎಂದು ಇಲ್ಲದ ಒಂದು ಹೆಸರಿನಿಂದ ಕಳಿಸಿದ್ದರು. ಕಳ್ಳರು ಮಾಡುವುದೂ ಅದನ್ನೇ, ಇವರು ಮಾಡಿದ್ದೂ ಅದನ್ನೇ. ಇನ್ನೊಂದು ತಮಾಷೆ ನೋಡಿ. ನಾವು ಬೇಡವೆಂದ ಸುದ್ದಿ ಹೋಗಬೇಕಾದದ್ದೂ ಅದೇ ಇಲ್ಲದ ವಿಳಾಸಕ್ಕೆ. ಅಲ್ಲಿ ಅದನ್ನು ಓದುವವರು ಯಾರಿದ್ದಾರೆ? ಅವರಿಗೆ ಕಳಿಸಿದ ತೃಪ್ತಿ, ನಮಗೆ ಸ್ವಚ್ಛವಾದ ಅಂಗಳ, ನಡುವೆ ಈ ಹೆಣ್ಣು ಬೇಡವಾದವಳು.

ಅವಳಿಗೆ ಇಷ್ಟನ್ನು ಮಲಯಾಳದಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬಿಡಿಸಿ ಹೇಳಿದೆ. ಬೈಯುತ್ತಾಳೇನೋ ಎಂದುಕೊಂಡೆ. ಅವಳು ಮಾತ್ರ ಒಂದೇ ಕೇಳಿದಳು. ‘ಅಂದ್ರೆ ಅವರು ನನ್ನ ಕರೆದಿದ್ರಾ?’

‘ಕರೆದಿದ್ರು, ಮೋಳೆ.’

ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು. ಅಲ್ಲಿಯವರೆಗೂ ತುದಿಯಲ್ಲೇ ಕೂತಿದ್ದಳೆಂದು ಆಗ ನನಗೆ ಕಂಡಿತು.

ಮಾಷ್ ಸಂಸ್ಥೆಗೆ ಫೋನು ಹಚ್ಚಿ ಮಲಯಾಳದಲ್ಲಿ ವಿನಯದಿಂದ ಮಾತಾಡಿದರು. ಆ ಕಡೆಯ ಹೆಂಗಸು, ಎಲ್ಲರಿಗೂ ಕಳಿಸಿ ಆಗಿದೆ, ಒಬ್ಬೊಬ್ಬರಿಗೆ ಮತ್ತೆ ಕಳಿಸುವ ಪದ್ಧತಿ ಇಲ್ಲ ಎಂದು ಅದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು. ನಾನು ಫೋನು ಕೊಡಿ ಮಾಷೇ ಅಂದೆ. ವರ್ಷಗಟ್ಟಲೆ ಆಡದ ಕಾನ್ವೆಂಟ್ ಇಂಗ್ಲಿಷು ಅವತ್ತು ಇಸ್ತ್ರಿ ಮಾಡಿಟ್ಟ ಸೀರೆಯ ಹಾಗೆ ಮಡಿಕೆ ಬಿಚ್ಚಿಕೊಂಡು ಬಂತು. ನಾನು ರೇಗಲಿಲ್ಲ. ನಮ್ಮ ಬಾಗಿಲಿನ ವಿಷಯ ಹೇಳಿದೆ, ಅವರ ವಿಳಾಸದ ವಿಷಯ ಹೇಳಿದೆ. ಅವಳು, ಅದು ನೋ ರಿಪ್ಲೈ ಅಡ್ರೆಸ್, ಮೇಡಮ್, ಅಲ್ಲಿ ಯಾರೂ ಇರುವುದಿಲ್ಲ ಅಂದಳು. ಅಲ್ಲಿಗೆ ನನ್ನ ಇಂಗ್ಲಿಷು ಮುಗಿದು ಯಾವ ಭಾಷೆಯಲ್ಲಿ ಕೇಳಿದೆನೋ, ಬಹುಶಃ ಮಲಯಾಳದಲ್ಲೇ ಕೇಳಿರಬೇಕು.

‘ಯಾರೂ ಇಲ್ಲದ ಕಡೆಯಿಂದ ಕಾಗದ ಹೇಗೆ ಬರುತ್ತಮ್ಮಾ?’

ಆ ಕಡೆಯವಳು ನಕ್ಕಳು. ಒಳ್ಳೆಯ ನಗು. ಹೀಗೆ ನಾವು ಯೋಚಿಸಿರಲಿಲ್ಲ ಟೀಚರೇ ಅಂದಳು. ನೋಡಿ, ಅವಳಿಗೂ ನಾನು ಟೀಚರೇ. ಬೇರೆ ಕೆಲವರಿಗೂ ಮುಟ್ಟಿರಲಿಕ್ಕಿಲ್ಲ, ನೋಡುತ್ತೇನೆ ಎಂದೂ ಹೇಳಿದಳು. ನಾವು ಮಾಷ್ ತರಿಸಿದ ಹಾಲಿಲ್ಲದ ಕಟ್ಟನ್ ಚಾಯ ಕುಡಿದು ಮುಗಿಸುವುದರೊಳಗೆ ಅವಳ ಸ್ವಂತ ಹೆಸರಿನ ವಿಳಾಸದಿಂದ ಕಾಗದ ಬಂತು. ನಮ್ಮ ಯಂತ್ರ ಕೂಗಿತು, ಆಚೆಯಿಂದ ಓಗೊಟ್ಟರು, ಬಾಗಿಲು ತೆರೆಯಿತು. ಮಾಷ್ ಅದರ ಪ್ರಿಂಟ್ ತೆಗೆದು, ಇದ್ದರಿರಲಿ ಎಂದು ಇನ್ನೊಂದು ತೆಗೆದು, ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಅವಳ ಕೈಗೆ ಕೊಟ್ಟರು. ಅವಳು ಬಸ್ಸಿನಲ್ಲಿ ಅದನ್ನು ಬ್ಯಾಗಿಗೆ ಹಾಕಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಕೂತಳು.

ಗುರುವಾರ ಅವಳು ಚುರ ಇಳಿದುಹೋದಳು. ಶುಕ್ರವಾರ ನಮ್ಮ ಸಂಘದ ಮೀಟಿಂಗು. ನಾನು ನಡೆದದ್ದನ್ನು ಹೇಳಿದೆ. ಅಧ್ಯಕ್ಷೆ ಬಾಗಿಲು ತೆಗೆದುಹಾಕಲು ಸುತರಾಂ ಒಪ್ಪಲಿಲ್ಲ. ಮತ್ತೆ ರಾಣಿಯರು ಬರುತ್ತಾರೆ, ಅಕ್ಕ ಮತ್ತೆ ಕಾಗದ ಬರೆಯುತ್ತಾರೆ, ಅಕ್ಕಿ ಕೊಳ್ಳುವವರು ಮತ್ತೆ ರಾಶಿಯಡಿಗೆ ಬೀಳುತ್ತಾರೆ ಎಂದಳು. ಅದೂ ಸುಳ್ಳಲ್ಲ. ಆದರೆ ಆ ಹೆಣ್ಣು ವಾರಗಟ್ಟಲೆ ಬಂದು ಮೆಣಸು ಕೇರಿಕೊಟ್ಟು ಹೋದದ್ದನ್ನು ಅವಳೂ ನೋಡಿದ್ದಳು. ತೂಕದ ಬಟ್ಟನ್ನು ತಕ್ಕಡಿಯಲ್ಲಿಟ್ಟು ಅಂದಳು, ‘ಗಂಟಲು ಕಟ್ಟಿದವರೂ ಇರ್ತಾರಲ್ಲ ಅಕ್ಕಾ. ಓಗೊಡಕ್ಕೆ ಆಗದವರು. ಅಂಥವರನ್ನ ಅಟ್ಟೋದು ಬೇಡ. ಒಳಗೂ ಬೇಡ. ಜಗುಲಿಯಲ್ಲಿ ಕೂತಿರಲಿ, ಬೆಳಕು ಹರಿದ ಮೇಲೆ ಮುಖ ನೋಡೋಣ.’

ಮಾಷ್ ಹಾಗೆಯೇ ಮಾಡಿಕೊಟ್ಟರು. ಈಗ ಓಗೊಡದ ಕಾಗದಗಳು ಬೇರೆಯದೇ ಒಂದು ಡಬ್ಬಿಯಲ್ಲಿ ಬಂದು ಕೂರುತ್ತವೆ. ಅದಕ್ಕೆ ನಾವು ಇಟ್ಟ ಹೆಸರೇ ಜಗುಲಿ. ಬೆಳಿಗ್ಗೆ ಬಂದವಳು ಮೊದಲು ಅಲ್ಲಿಗೆ ಹೋಗಿ ಒಬ್ಬೊಬ್ಬರ ಮುಖ ನೋಡುತ್ತೇನೆ. ಬಹುಪಾಲು ಕಳ್ಳರೇ. ಆಗೊಮ್ಮೆ ಈಗೊಮ್ಮೆ ಒಬ್ಬ ಪಾಪದವನು ಸಿಗುತ್ತಾನೆ, ಒಳಗೆ ಕರೆದುಕೊಳ್ಳುತ್ತೇನೆ. ಈ ಕೆಲಸ ನನಗೆ ಇಷ್ಟ. ಒಲೆಯ ಹತ್ತಿರ ನಿಂತ ಸಿಸ್ಟರಿಗೂ ಒಂದು ಜಗುಲಿ ಇದ್ದಿದ್ದರೆ ಅನ್ನಿಸುವುದುಂಟು, ಅಷ್ಟೆ.

ಇಂಟರ್‌ವ್ಯೂ ಹೇಗಾಯಿತೆಂದು ಕೇಳಿದರೆ ಅವಳು, ಕಥೆ ಹೇಳು ಅಂದ್ರು, ಹೇಳ್ದೆ ಎಂದಳು. ಅದಕ್ಕಿಂತ ಹೆಚ್ಚು ಬಾಯಿ ಬಿಡಿಸಲು ಆಗಲಿಲ್ಲ. ಮಳೆ ಹಿಡಿದುಕೊಂಡ ಮೇಲೆ ಒಂದು ದಿನ ಸಂಸ್ಥೆಯಿಂದ ಕಾಗದ ಬಂತು. ನಾನು ಹೆದರಿಕೊಂಡು ಮೊದಲು ಜಗುಲಿಯಲ್ಲಿ ನೋಡಿದ್ದೆ, ಅಲ್ಲಿರಲಿಲ್ಲ, ನೇರ ಒಳಗೇ ಬಂದು ಕೂತಿತ್ತು. ಹಿಂದೆ ಯಾರೂ ಇಲ್ಲದ ವಿಳಾಸದಲ್ಲಿ ಈಗ ಯಾರನ್ನೋ ಕೂರಿಸಿದ್ದರು. ಅವಳು ಆಯ್ಕೆಯಾಗಿದ್ದಳು. ತರಬೇತಿಗೆ ಬರುತ್ತೀರೋ ಇಲ್ಲವೋ ಬರೆದು ತಿಳಿಸಿ ಎಂದಿತ್ತು. ಅವಳು ಸಂತೆಗೆ ಬಂದಾಗ ನಾನು ಕುರ್ಚಿ ಬಿಟ್ಟು ಎದ್ದೆ, ಅವಳು ಕೂತು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಬರುತ್ತೇನೆ ಎಂದು ಬರೆದಳು. ಊಟದ ಹೊತ್ತಿಗೆ ಆ ಕಡೆಯಿಂದ ಮರುಉತ್ತರ ಬಂತು. ಸಂತೋಷ, ಬಸ್ಸಿನಿಂದ ಇಳಿದ ಮೇಲೆ ದೂರ ನಡೆಯಬೇಕು, ಛತ್ರಿ ತನ್ನಿ ಅಂತ.

ಮೊದಲ ದಿನ ಪ್ರತಿಯೊಬ್ಬರೂ ಮನೆಮಾತಿನಲ್ಲಿ ಒಂದು ಪಾಠ ಸಿದ್ಧ ಮಾಡಿಕೊಂಡು ಬರಬೇಕಿತ್ತು. ಹೊರಡುವ ಮುಂಚಿನ ದಿನ ಅವಳು ಸಂಘದ ರೂಮಿನಲ್ಲಿ ನಮ್ಮ ಮೇಲೆಯೇ ಅದನ್ನು ಪ್ರಯೋಗ ಮಾಡಿದಳು. ನಾವು ಐದಾರು ಜನ ಹೆಂಗಸರು ಮೆಣಸಿನ ಮೂಟೆಗಳ ನಡುವೆ ನೆಲದ ಮೇಲೆ ಕೂತೆವು, ನಾನು ಮಾತ್ರ ಮಂಡಿಯ ದೆಸೆಯಿಂದ ಸ್ಟೂಲಿನ ಮೇಲೆ. ಅವಳು ಹಾಡಿಯ ಮಾತಿನಲ್ಲಿ, ಕಾಡಿಗೆ ಹೋದ ಒಂದು ಮರಿ ಕರಡಿಯ ಕಥೆ ಶುರು ಮಾಡಿದಳು. ಕೂಲಿಯ ಹೆಣ್ಣಿನ ದನಿ ಅದಾಗಿರಲಿಲ್ಲ, ರೂಮಿನ ಮೂಲೆಗೂ ಮುಟ್ಟುತ್ತಿತ್ತು. ಅಧ್ಯಕ್ಷೆಗೆ ಸುಮ್ಮನಿರಲು ಆಗುತ್ತದೆಯೇ. ಆ ಕರಡಿ ನಮ್ಮ ತೋಟದ ಹಲಸು ತಿಂದಿದ್ದೇ ಇರಬೇಕು, ಅದರ ಅಪ್ಪನ ಹೆಸರು ಕೇಳು ಎಂದು ಪಕ್ಕದವಳನ್ನು ತಿವಿದು ನಗಿಸಿದಳು. ಕಥೆ ನಿಂತಿತು. ಅವಳು ಅಧ್ಯಕ್ಷೆಯನ್ನೇ ನೋಡಿದಳು, ಕೈ ಕಟ್ಟಿಕೊಂಡು.

‘ಹಿಂದಿನ ಸಾಲಿನವರು ಗಲಾಟೆ ಮಾಡಬಾರದು,’ ಅಂದಳು.

ಅಧ್ಯಕ್ಷೆ ಬಾಯಿ ಮೇಲೆ ಬೆರಳಿಟ್ಟುಕೊಂಡು ನೆಟ್ಟಗೆ ಕೂತಳು. ನಾನೂ ಸ್ಟೂಲಿನ ಮೇಲೆ ಬೆನ್ನು ನೇರ ಮಾಡಿಕೊಂಡೆ. ಕರಡಿ ಮತ್ತೆ ಕಾಡಿನ ದಾರಿ ಹಿಡಿಯಿತು.